ಹೃದಯದ ಗೋಡೆಯಲ್ಲಿ ತೂತಿಲ್ಲ ಎಂದ ವೈದ್ಯ

ದುಬೈಯಲ್ಲಿರುವ ನಮಗೆಲ್ಲ ಇಬ್ನ್ ಬತೂತಾ ಮಾಲ್ ಗೊತ್ತು. ಆ ಹೆಸರಿನ ಪ್ರವಾಸಿ 14ನೇ ಶತಮಾನದಲ್ಲಿ ನಮ್ಮ ಹೊನ್ನಾವರ, ಬಾರಕೂರು, ಮಂಗಳೂರುಗಳನ್ನೂ ನೋಡಿಹೋದವನು. ಅದಕ್ಕೂ ಮೊದಲು, 1326ರಲ್ಲಿ, ಕೈರೋದ ಒಂದು ದೊಡ್ಡ ಆಸ್ಪತ್ರೆಯನ್ನು ಕಂಡು ಆತ ಬೆರಗಾಗಿದ್ದ. ಅದು ಸುಲ್ತಾನ್ ಕಲಾವೂನ್ ಕಟ್ಟಿಸಿದ ಮನ್ಸೂರಿ ಆಸ್ಪತ್ರೆ. ತಮ್ಮ ಮನೆಯನ್ನೂ ಪುಸ್ತಕಗಳನ್ನೂ ಆ ಆಸ್ಪತ್ರೆಗೆ ಬಿಟ್ಟುಹೋದ ವೈದ್ಯ ಇಬ್ನ್ ಅಲ್ ನಫೀಸ್ ಅವರ ಬಗ್ಗೆ ನಾವಿಲ್ಲಿ ಹೇಳಬೇಕು. ಹೃದಯ ಮತ್ತು ಶ್ವಾಸಕೋಶ ಹೇಗೆ ಜೊತೆಯಾಗಿ ಕೆಲಸ ಮಾಡುತ್ತವೆ ಅನ್ನೋದನ್ನು, ನಮಗೆ ತಿಳಿದ ಮಟ್ಟಿಗೆ, ಮೊದಲು ಬರೆದಿಟ್ಟವರು ಅವರೇ.

ಅವರು ಹುಟ್ಟಿದ್ದು 1213ರ ಸುಮಾರಿಗೆ, ಡಮಾಸ್ಕಸ್ ಹತ್ತಿರ. ವೈದ್ಯ ಕಲಿತದ್ದು ಅಲ್ಲಿನ ನೂರಿ ಆಸ್ಪತ್ರೆಯಲ್ಲಿ. ಆಗಿನ ದೊಡ್ಡ ಆಸ್ಪತ್ರೆಗಳು ಈಗಿನ ಮೆಡಿಕಲ್ ಕಾಲೇಜಿನ ಹಾಗೆ. ರೋಗಿಗಳ ಆರೈಕೆ, ಹುಡುಗರಿಗೆ ಪಾಠ ಎರಡೂ ಅಲ್ಲೇ. ಮುಂದೆ ಊರು ಬಿಟ್ಟು ಕೈರೋ ಸೇರಿದರು. ವೈದ್ಯದ ಜೊತೆಗೆ ಶಾಫಿ ಧರ್ಮಶಾಸ್ತ್ರವನ್ನೂ ಕಲಿಸುತ್ತಿದ್ದರು. ನಮ್ಮ ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಅನುಸರಿಸುವುದೂ ಇದೇ ಶಾಫಿ ಪಂಥವನ್ನು.

ಬರೆಯೋಕೆ ಕೂತರೆ ಅವರ ಕೈ ನಿಲ್ಲುತ್ತಿರಲಿಲ್ಲವಂತೆ. ಸ್ನಾನಗೃಹದಲ್ಲಿ ಅರ್ಧ ಸ್ನಾನವಾಗಿದ್ದಾಗ ಏನೋ ಹೊಳೆದು, ಹೊರಗೆ ಬಂದು ಶಾಯಿ, ಕಾಗದ ತರಿಸಿ, ನಾಡಿಯ ಬಗ್ಗೆ ಒಂದು ಬರಹ ಮುಗಿಸಿ, ಮತ್ತೆ ಒಳಗೆ ಹೋಗಿ ಸ್ನಾನ ಮುಂದುವರಿಸಿದರು ಅಂತ ಹಳೆಯ ಜೀವನಚರಿತ್ರೆಗಳು ಹೇಳುತ್ತವೆ.

ಆ ಕಾಲಕ್ಕೆ ವೈದ್ಯರ ಕೊನೆಯ ಮಾತು ಅಂದರೆ ಗ್ರೀಕ್ ವೈದ್ಯ ಗ್ಯಾಲನ್‌ನ ಮಾತು. ಅವನ ಪ್ರಕಾರ ಉಂಡ ಅನ್ನ ಲಿವರ್‌ನಲ್ಲಿ ರಕ್ತವಾಗುತ್ತದೆ, ಆ ರಕ್ತ ಹೃದಯದ ಬಲಗೋಣೆಗೆ ಬರುತ್ತದೆ. ಅಲ್ಲಿಂದ ಎಡಗೋಣೆಗೆ ಹೋಗುವುದು ಹೇಗೆ? ನಡುವಿನ ಗೋಡೆಯಲ್ಲಿ ಕಣ್ಣಿಗೆ ಕಾಣದ ಸಣ್ಣ ತೂತುಗಳಿವೆ, ಅವುಗಳ ಮೂಲಕ ಜಿನುಗುತ್ತದೆ ಎಂದಿದ್ದ. ಸಾವಿರ ವರ್ಷ ದಾಟಿದರೂ ಇದೇ ಪಾಠ ನಡೆದಿತ್ತು.

1242ರಲ್ಲಿ, ಇನ್ನೂ 30 ತುಂಬುವ ಮುನ್ನ, ಇಬ್ನ್ ಅಲ್ ನಫೀಸ್ ಇಬ್ನ್ ಸೀನಾ ಅವರ ಮಹಾಗ್ರಂಥದ ಶರೀರರಚನೆಯ ಭಾಗಕ್ಕೆ ವ್ಯಾಖ್ಯಾನ ಬರೆದರು. ಆ ಗೋಡೆ ದಪ್ಪ, ಅದರಲ್ಲಿ ಕಾಣುವ ತೂತೂ ಇಲ್ಲ, ಕಾಣದ ತೂತೂ ಇಲ್ಲ ಅಂತ ಅದರಲ್ಲಿ ಖಂಡಿತವಾಗಿ ಹೇಳಿದರು. ಹಾಗಾದರೆ ರಕ್ತಕ್ಕೆ ಉಳಿದಿರುವ ದಾರಿ ಒಂದೇ: ಬಲಗೋಣೆಯಿಂದ ಶ್ವಾಸಕೋಶಕ್ಕೆ ಹೋಗಬೇಕು, ಅಲ್ಲಿ ಗಾಳಿಯ ಜೊತೆ ಸೇರಬೇಕು, ಆಮೇಲೆ ಎಡಗೋಣೆಗೆ ಬರಬೇಕು. ಹೃದಯದ ಮಾಂಸಕ್ಕೆ ಪೋಷಣೆ ಸಿಗುವುದು ಅದರೊಳಗೇ ಹರಡಿರುವ ರಕ್ತನಾಳಗಳಿಂದ ಎಂದೂ ಬರೆದರು. ಶವ ಕೊಯ್ಯುವುದಕ್ಕೆ ಧರ್ಮವೂ ತಮ್ಮ ಕರುಣೆಯೂ ಅಡ್ಡ ಬರುತ್ತವೆ ಅನ್ನೋದು ಅವರದೇ ಮಾತು. ನಿಜಕ್ಕೂ ಕೊಯ್ದು ನೋಡಿದ್ದರೋ ಇಲ್ಲವೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಎಲ್ಲವೂ ಅವರಿಗೆ ಹೊಳೆಯಿತು ಅಂತಲ್ಲ. ರಕ್ತ ಇಡೀ ಮೈ ಸುತ್ತಿ ಮತ್ತೆ ಹೃದಯಕ್ಕೆ ಬರುತ್ತದೆ ಎಂದು ತೋರಿಸಿದ್ದು 1628ರಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ವೆ. ಶ್ವಾಸಕೋಶದ ಕೂದಲೆಳೆಯಂಥ ರಕ್ತನಾಳಗಳನ್ನು 1661ರಲ್ಲಿ ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಇಟಲಿಯ ಮಾಲ್ಪಿಘಿ. ಆದರೆ ಹೃದಯವನ್ನು ಹೃದಯದೊಳಗೇ ಹುಡುಕಿದರೆ ಉತ್ತರ ಸಿಗಲ್ಲ, ಪಕ್ಕದ ಶ್ವಾಸಕೋಶವನ್ನೂ ಸೇರಿಸಿಕೊಂಡೇ ನೋಡಬೇಕು ಅನ್ನೋ ಹೆಜ್ಜೆ ಇಟ್ಟವರು ಇವರು.

ಆ ಹೆಜ್ಜೆಯ ಬೆಲೆ ನಮ್ಮ ಸುತ್ತಲೇ ಕಾಣುತ್ತದೆ. 2017ರಲ್ಲಿ ಅಬುಧಾಬಿಯ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಈ ದೇಶದ ಮೊದಲ ಹೃದಯ ಕಸಿ ನಡೆಯಿತು. ಇಂಥ ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ರೋಗಿಯ ರಕ್ತ ಒಂದು ಯಂತ್ರದ ಮೂಲಕ ಓಡುತ್ತದೆ. ಅದರ ಹೆಸರೇ ಹಾರ್ಟ್-ಲಂಗ್ ಮಷೀನ್. ಹೃದಯವನ್ನಷ್ಟೇ ಬದಲಿಸುವುದಾದರೂ ಯಂತ್ರ ಶ್ವಾಸಕೋಶದ ಕೆಲಸವನ್ನೂ ಹೊರಬೇಕು, ಇಲ್ಲದಿದ್ದರೆ ಮಿದುಳು, ಮೂತ್ರಪಿಂಡ ಯಾವುದಕ್ಕೂ ಆಮ್ಲಜನಕ ಸಿಗದು.

ಇಬ್ನ್ ಅಲ್ ನಫೀಸ್ 1288ರ ಡಿಸೆಂಬರ್‌ನಲ್ಲಿ ಕೈರೋದಲ್ಲಿ ತೀರಿಕೊಂಡರು. ಕೊನೆಯ ಕಾಯಿಲೆಯಲ್ಲಿ ಮದ್ದೆಂದು ವೈನ್ ಕೊಡಲು ಬಂದರೂ ಬೇಡವೆಂದರಂತೆ. 300 ಸಂಪುಟಗಳ ವೈದ್ಯಕೋಶ ಅವರ ಯೋಜನೆ, ಮುಗಿದದ್ದು 80. ಶ್ವಾಸಕೋಶದ ದಾರಿಯ ಮಾತನ್ನು ಕಾಲಕ್ರಮೇಣ ಲೋಕ ಹೆಚ್ಚುಕಡಿಮೆ ಮರೆತೇಬಿಟ್ಟಿತು.

ಅದನ್ನು ಮತ್ತೆ ಹೊರತಂದದ್ದು ಒಬ್ಬ ವಿದ್ಯಾರ್ಥಿ. ಈಜಿಪ್ಟಿನಿಂದ ಜರ್ಮನಿಗೆ ವೈದ್ಯ ಓದಲು ಹೋಗಿದ್ದ ಮುಹಿಯುದ್ದೀನ್ ಅಲ್ ತತಾವಿ, ಬರ್ಲಿನ್ ಗ್ರಂಥಾಲಯದಲ್ಲಿದ್ದ ಅರಬ್ಬಿ ಹಸ್ತಪ್ರತಿಯನ್ನು ಓದಿ, 1924ರಲ್ಲಿ ಫ್ರೈಬರ್ಗ್ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಬರೆದರು. ಓದುತ್ತಿದ್ದದ್ದು ಜರ್ಮನ್‌ನಲ್ಲಿ, ಸಿಕ್ಕಿದ್ದು ಸ್ವಂತ ಭಾಷೆಯಲ್ಲಿ. ಮೆಡಿಸಿನ್, ಎಂಜಿನಿಯರಿಂಗ್ ಓದುವವರಿಗೆ ಇಲ್ಲಿ ಕನ್ನಡ ಯಾಕಪ್ಪಾ ಅಂತ ಯಾರಾದರೂ ಕೇಳಿದರೆ, ನಾವು ಹೇಳೋಕೆ ತತಾವಿಯವರ ಹೆಸರು ಇದೆ.