ಪಂಡಿತಾ ರಮಾಬಾಯಿಯವರು

ಪಂಡಿತಾ ರಮಾಬಾಯಿಯವರು 1858ನೆಯ ಇಸವಿಯಲ್ಲಿ ಸಹ್ಯಾದ್ರಿಯ ಗಂಗಾಮೂಲದ ಅರಣ್ಯದಲ್ಲಿ ಜನಿಸಿದರು. ಪತ್ನಿಗೆ ಸಂಸ್ಕೃತ ಕಲಿಸಲು ಬಂಧುಜನರು ಅಡ್ಡಿಮಾಡಿದ್ದರಿಂದಲೇ ತಂದೆ ಅನಂತಶಾಸ್ತ್ರಿಗಳು ಆ ಕಾಡನ್ನು ಸೇರಿದ್ದರು. ತಾಯಿಯಿಂದ ಪಾಠ ಕಲಿತ ಮಗಳಿಗೆ ಪುರಾಣಶ್ಲೋಕಗಳು ಸಹಸ್ರಗಟ್ಟಲೆ ಕಂಠಸ್ಥವಾಗಿದ್ದುವು. 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಸರಸ್ವತಿಯೆಂಬ ಬಿರುದನ್ನಿತ್ತರು. ಆದರೂ ಕೇಶವಚಂದ್ರ ಸೇನರು ವೇದಪುಸ್ತಕವನ್ನು ಕೈಗಿತ್ತಾಗ, ಸ್ತ್ರೀಗೆ ಅದನ್ನು ಓದುವ ಅಧಿಕಾರವಿಲ್ಲವೆಂದು ಆಕೆಯೇ ಹಿಂಜರಿದರು. ಊರನ್ನು ತೊರೆದು ಬಂದವರ ಮಗಳಲ್ಲಿಯೂ ಊರಿನ ಕಟ್ಟಳೆಯು ನೆಲೆಸಿದ್ದಿತು! ನಮ್ಮ ಬದನವಾಳಿನ ಕಡೆಯ ಜಾಣೆಯರೂ ಮುಂದಿನ ಓದು ತಮಗೆ ತಕ್ಕುದಲ್ಲವೆಂದು ತಾವೇ ನುಡಿಯುವುದನ್ನು ನಾವು ಕೇಳಿದ್ದೇವೆ. ರಮಾಬಾಯಿಯವರು ಕಡೆಗೆ ಆ ಗ್ರಂಥವನ್ನು ತೆರೆದು ಓದಿದರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಹೊಂದಿದ ಮೇಲೆಯೂ ಮಠದ ಸಹೋದರಿಯರು ಹೇಳಿದುದನ್ನೆಲ್ಲ ಆಕೆಯು ಒಪ್ಪಲಿಲ್ಲ. ಇದನ್ನು ಮಿಶನ್ ಶಾಲೆಗಳು ಮರೆಮಾಡಲಾಗದೆಂದು ನಮ್ಮ ಎಣಿಕೆ. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನೂ, 1912ರಲ್ಲಿ ಕಲಬುರ್ಗಿಯಲ್ಲಿ ಹೈಸ್ಕೂಲನ್ನೂ ಸ್ಥಾಪಿಸಿ, 1922ರ ಏಪ್ರಿಲ್ 5ರಂದು ಕರ್ತನಲ್ಲಿ ನಿದ್ರೆಹೋದರು.