ದೊಡ್ಡಸ್ವಾಮಿಯೂ ಮರಿಯಮ್ಮನ ತೇರೂ

ವರದೆಯು ತುಂಗಭದ್ರೆಯನ್ನು ಕೂಡುವ ಗಳಗನಾಥದಲ್ಲಿ ಮಿಂದವರು ಮೊದಲು ಹೊಳೆಗೆ ಕೈಮುಗಿದು, ಬಳಿಕ ಗಳಗೇಶ್ವರನಿಗೆ ಕೈಮುಗಿಯುವರು. ಮನೆಗೆ ಬಂದು ಹಿರಿಯರಿಗೂ ಕೈಮುಗಿಯುವರು. ಭಾವ ಬೇರೆ ಬೇರೆ. ಮುಗಿಯುವ ಕೈ ಒಂದೇ. ಕ್ಯಾಥೊಲಿಕರು ಮರಿಯಮ್ಮನನ್ನು ದೇವಿಯೆಂದೇ ಪೂಜಿಸುವರಲ್ಲವೆ ಎಂಬ ಆಕ್ಷೇಪವನ್ನು ಕೇಳಿದಾಗಲೆಲ್ಲ ನನಗೆ ಈ ಕೈಗಳ ನೆನಪಾಗುತ್ತದೆ. ಅದರೊಡನೆ ಅಬ್ಬೆ ದುಬೋಯನ ನೆನಪೂ.

ಫ್ರಾನ್ಸಿನ ಈ ಪಾದ್ರಿ 1792ರಲ್ಲಿ ಭಾರತಕ್ಕೆ ಬಂದನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದು, ಟಿಪ್ಪುವಿನ ಕಾಲದಲ್ಲಿ ಚದರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಿದನು. ಉಡುಪಿನಲ್ಲಿ, ಊಟದಲ್ಲಿ, ನಡೆನುಡಿಯಲ್ಲಿ ಈ ನಾಡಿನವನೇ ಆದನು. ಜನ ಆತನನ್ನು ದೊಡ್ಡಸ್ವಾಮಿಯೆಂದು ಕರೆದರು. 1803–04ರಲ್ಲಿ ಇಪ್ಪತ್ತೈದು ಸಾವಿರಕ್ಕೂ ಮಿಕ್ಕ ಜನರಿಗೆ ಸಿಡುಬಿನ ದಾಕು ಹಾಕಿಸಿದನು. ಆ ಬೇನೆಯನ್ನು ನಮ್ಮ ಹಳ್ಳಿಗರು ಅಮ್ಮನೆಂದೇ ಕರೆಯುತ್ತಿದ್ದರು. ಮಾರಿಯಮ್ಮನ ಕೋಪದಿಂದ ಜನರನ್ನು ಕಾಯಲು ಮರಿಯಮ್ಮನ ಪಾದ್ರಿ ಬಂದನಲ್ಲಾ ಎಂದು ನಾನು ಎಷ್ಟೋ ಸಲ ನಕ್ಕಿದ್ದೇನೆ. ಹಿಂದೂಗಳ ಆಚಾರವಿಚಾರಗಳನ್ನು ಕುರಿತ ಆತನ ದೊಡ್ಡ ಗ್ರಂಥವನ್ನು ಎಲ್ಲರೂ ಬಲ್ಲರು.

ನನ್ನನ್ನು ಕಾಡುವುದು ಆತನ ಇನ್ನೊಂದು ಪುಸ್ತಕ. 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದ, ಭಾರತದ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತ ಪತ್ರಗಳಲ್ಲಿ ಆತನು ತನ್ನವರ ಉತ್ಸವಗಳನ್ನೇ ವರ್ಣಿಸುತ್ತಾನೆ: ಹೂಮಾಲೆ ಹೊತ್ತ ತೇರು, ತಮಟೆ, ತುತ್ತೂರಿ, ಪಂಜು, ಬಾಣಬಿರುಸು, ಕತ್ತಿ ಹಿಡಿದ ಕುಣಿತ. ಇದರಲ್ಲಿ ಭಕ್ತಿಯ ಲೇಶವೂ ಆತನಿಗೆ ಕಾಣಲಿಲ್ಲ. ಬಟ್ಟೆಯಲ್ಲಿ, ಊಟದಲ್ಲಿ ಜನರೊಳಗೊಬ್ಬನಾದವನು ತೇರಿನ ಮುಂದೆ ಮಾತ್ರ ಪರದೇಶಿಯಾಗಿ ನಿಂತನೆಂದು ನನಗೆ ತೋರುತ್ತದೆ.

ಹೊರಗಿನ ಸಡಗರವನ್ನೇ ನೋಡಿದರೆ ಆಕ್ಷೇಪಕರದೇ ಗೆಲವು. ಆದರೆ ಆತನ ಸಭೆ ಎಳೆದ ಗೆರೆ ಬೇರೆ ಕಡೆ ಇದೆ. 431ರ ಎಫೆಸಸ್ ಪರಿಷತ್ತು ಮರಿಯಳಿಗೆ ದೇವಮಾತೆಯೆಂಬ ಹೆಸರನ್ನು ಉಳಿಸಿಕೊಟ್ಟಿತು. ಅಲ್ಲಿ ನಡೆದ ವಾದ ಆಕೆಯ ದೈವತ್ವದ್ದಲ್ಲ, ಮಗನದು. 787ರ ನೈಸಿಯಾ ಪರಿಷತ್ತು ದೇವರೊಬ್ಬನಿಗೇ ಸಲ್ಲುವ ಆರಾಧನೆಯನ್ನು, ಚಿತ್ರಗಳಿಗೂ ಸಂತರಿಗೂ ಸಲ್ಲುವ ಗೌರವವನ್ನು ಬೇರ್ಪಡಿಸಿತು. ಸಂತರೆಲ್ಲರಿಗಿಂತ ಮೇಲಾದ, ದೇವರಿಗಿಂತ ಕೆಳಗಾದ ಮನ್ನಣೆ ಮರಿಯಳದೆಂದು ಮುಂದಿನ ಪಂಡಿತರು ನಿರ್ಣಯಿಸಿದರು. ನಮ್ಮ ಪೂಜೆ ಎಂಬ ಮಾತಿನಲ್ಲಿ ಈ ಮೂರೂ ಅಡಗಿಹೋಗುವುದರಿಂದಲೇ ಕನ್ನಡದಲ್ಲಿ ಈ ಚರ್ಚೆ ಎಡವುತ್ತದೆ. ನೈವೇದ್ಯ ಯಾರಿಗೆ ಎಂದು ಕೇಳಿದರೆ ದಾರಿ ತಿಳಿಯಾಗುತ್ತದೆ. ನಾಲ್ಕನೆಯ ಶತಮಾನದಲ್ಲಿ ಕೆಲವು ಹೆಂಗಸರು ಮರಿಯಳಿಗೆ ರೊಟ್ಟಿಯನ್ನು ನಿವೇದಿಸಿದಾಗ ಬಿಷಪ್ ಎಪಿಫೇನಿಯಸನು ಖಂಡಿಸಿದನು. ಇಂದಿಗೂ ಪೂಜಾಬಲಿ ಸಲ್ಲುವುದು ದೇವರಿಗೆ. ಮರಿಯಳಲ್ಲಿ ಬೇಡುವುದು ತಮಗಾಗಿ ದೇವರನ್ನು ಬೇಡಿಕೊಳ್ಳೆಂದು. ಅವರು ಆಕೆಯನ್ನು ದೇವಿಯಾಗಿಸಿಲ್ಲವೆಂದೇ ನನ್ನ ಮತ.

ಬೆಂಗಳೂರಿನ ಶಿವಾಜಿನಗರದ ಸಂತ ಮೇರಿ ದೇವಾಲಯದ ಮೊದಲ ಚಿಕ್ಕ ಗುಡಿಯನ್ನು 1803ರಲ್ಲಿ ದುಬೋಯನೇ ಬೆಳೆಸಿದನೆಂದು ಹೇಳುವರು. ಈಗಿನ ಕಟ್ಟಡ 1882ರದು. ಪ್ರತಿವರ್ಷ ಸೆಪ್ಟೆಂಬರ್ 8ರಂದು ಅಲ್ಲಿ ಸೀರೆಯುಟ್ಟ ಮರಿಯಮ್ಮನ ತೇರು ಹೊರಡುತ್ತದೆ. ಸಂದಣಿಯಲ್ಲಿ ಹಿಂದೂಗಳೂ ಇರುವರು. ಅವರಲ್ಲಿ ಹಲವರಿಗೆ ಆಕೆ ನಮ್ಮ ಅಮ್ಮಂದಿರಲ್ಲಿ ಒಬ್ಬಳು, ಪಕ್ಕದಲ್ಲೇ ಮೇಣದ ಬತ್ತಿ ಹಿಡಿದು ನಿಂತ ಕ್ಯಾಥೊಲಿಕನಿಗೆ ಹಾಗಲ್ಲ.

ಆ ತೇರನ್ನು ದೊಡ್ಡಸ್ವಾಮಿ ನೋಡಲಿಲ್ಲ. 1823ರಲ್ಲಿ ಈ ನಾಡನ್ನು ಬಿಟ್ಟವನು ಮರಳಿ ಬರಲಿಲ್ಲ. 1848ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡನು.