ಮರಳಿಸಿದ ಖಲೀಫಾ



ಆರ್ಥಿಕ ನ್ಯಾಯದ ಮಾತು ಬಂದಾಗ ನಾವು ಶ್ರೀಮಂತರತ್ತ, ಸರಕಾರದತ್ತ ಬೆರಳು ತೋರಿಸುತ್ತೇವೆ. ಹ. ಉಮರ್ ಬಿನ್ ಅಬ್ದುಲ್ ಅಝೀಝ್(ರ) ಆ ಬೆರಳನ್ನು ಮೊದಲು ತಮ್ಮತ್ತಲೇ ತಿರುಗಿಸಿಕೊಂಡರು.

ಅವರು ಉಮವೀ ರಾಜಮನೆತನದ ಕುಡಿ. ತಾಯಿ ದ್ವಿತೀಯ ಖಲೀಫಾ ಹ. ಉಮರ್(ರ)ರವರ ಮೊಮ್ಮಗಳು. ಯೌವನದಲ್ಲಿ ಅವರು ಬೆಲೆಬಾಳುವ ಉಡುಪು, ಸುಗಂಧಗಳಿಗೆ ಹೆಸರಾಗಿದ್ದರು. ಕ್ರಿ.ಶ. 706ರಲ್ಲಿ ಮದೀನಾದ ರಾಜ್ಯಪಾಲರಾದಾಗ ಅಲ್ಲಿನ ವಿದ್ವಾಂಸರೊಂದಿಗೆ ಸಮಾಲೋಚಿಸಿ ಆಡಳಿತ ನಡೆಸಿದರು. ಹಿಜರಿ 99ರಲ್ಲಿ, ಅಂದರೆ ಕ್ರಿ.ಶ. 717ರಲ್ಲಿ, ಖಲೀಫಾ ಸುಲೈಮಾನ್ ನಿಧನರಾದಾಗ ಅವರ ಉಯಿಲಿನಂತೆ ಖಿಲಾಫತ್ತಿನ ಹೊಣೆ ಇವರ ಹೆಗಲೇರಿತು.

ಆ ಹೊಣೆ ಅವರ ಬದುಕನ್ನೇ ಬದಲಿಸಿತು. ರಾಜಮನೆತನವು ಅನ್ಯಾಯವಾಗಿ ವಶಪಡಿಸಿಕೊಂಡಿದ್ದ ಸೊತ್ತುಗಳನ್ನು ಹಕ್ಕುದಾರರಿಗೆ ಮರಳಿಸಲು ಅವರು ನಿರ್ಧರಿಸಿದರು. ಈ ಕಾರ್ಯ ಆರಂಭವಾದುದು ಅವರ ಮನೆಯಿಂದಲೇ. ತಮಗೆ ಬಂದಿದ್ದ ಜಹಗೀರುಗಳನ್ನು ಬಿಟ್ಟುಕೊಟ್ಟರು. ಫದಕ್‌ನ ಆದಾಯವನ್ನು ಪ್ರವಾದಿವರ್ಯರ(ಸ) ಕಾಲದ ವ್ಯವಸ್ಥೆಗೆ ಮರಳಿಸಿದರು. ಖಲೀಫಾ ಅಬ್ದುಲ್ ಮಲಿಕ್‌ರ ಮಗಳಾದ ಪತ್ನಿ ಫಾತಿಮಾರ ಒಡವೆಗಳೂ ಬೈತುಲ್ ಮಾಲ್ ಸೇರಿದವು. ಬಂಧುಗಳು ಮುನಿಸಿಕೊಂಡರು. ಆದರೂ ಖಲೀಫಾ ಹಿಂಜರಿಯಲಿಲ್ಲ.

ಇಸ್ಲಾಮ್ ಸ್ವೀಕರಿಸಿದವರಿಂದಲೂ ಕೆಲವು ಪ್ರಾಂತಗಳ ಅಧಿಕಾರಿಗಳು ಜಿಝಿಯಾ ವಸೂಲು ಮಾಡುತ್ತಿದ್ದರು. ಅದನ್ನು ನಿಲ್ಲಿಸಿದರೆ ಬೊಕ್ಕಸ ಸೊರಗುವುದೆಂಬ ಭಯ ಅವರಿಗಿತ್ತು. ಖಲೀಫಾ ಅದನ್ನು ನಿಲ್ಲಿಸಿದರು. ಬೊಕ್ಕಸದ ನಷ್ಟಕ್ಕಿಂತ ಅನ್ಯಾಯದ ಭಾರ ಅವರಿಗೆ ದೊಡ್ಡದಾಗಿ ಕಂಡಿತು. ಅವರ ಕಾಲದಲ್ಲಿ ಕೆಲವೆಡೆ ಝಕಾತ್ ಪಡೆಯುವವರೇ ಸಿಗುವುದು ಕಷ್ಟವಾಯಿತೆಂದು ಚರಿತ್ರೆಕಾರರು ದಾಖಲಿಸಿದ್ದಾರೆ.

ಇದೆಲ್ಲ ನಡೆದುದು ಕೇವಲ ಎರಡೂವರೆ ವರ್ಷಗಳಲ್ಲಿ. ಹಿಜರಿ 101ರಲ್ಲಿ, ಕ್ರಿ.ಶ. 720ರಲ್ಲಿ, ಸುಮಾರು ನಲ್ವತ್ತರ ಪ್ರಾಯದಲ್ಲೇ ಅವರು ಇಹಲೋಕ ತ್ಯಜಿಸಿದರು. ಮಕ್ಕಳಿಗೆ ಅವರು ಬಿಟ್ಟುಹೋದ ಸಂಪತ್ತು ಅತ್ಯಲ್ಪ.

ಸಹೋದರರೇ, ಸಹೋದರಿಯರೇ, ರಮಝಾನ್ ಬಂತೆಂದರೆ ನಾವು ಝಕಾತಿನ ಲೆಕ್ಕ ಹಾಕುತ್ತೇವೆ. ಒಳ್ಳೆಯದೇ. ಆದರೆ ತಂದೆಯ ಆಸ್ತಿಯಲ್ಲಿ ಸಹೋದರಿಗೆ ಸಲ್ಲಬೇಕಾದ ಪಾಲು ಅವಳಿಗೆ ತಲಪಿದೆಯೇ? ಮದುವೆಯಲ್ಲಿ ಹೆಣ್ಣಿನ ಮನೆಯಿಂದ ಪಡೆದ ವರದಕ್ಷಿಣೆ ಇನ್ನೂ ನಮ್ಮಲ್ಲೇ ಇದೆಯೇ? ಕೆಲಸದಾಳಿನ ಕೂಲಿ ಬಾಕಿಯಿದೆಯೇ? ಇವು ನಾವು ಕೊಡುವ ದಾನವಲ್ಲ, ಅವರ ಹಕ್ಕು. ಎಷ್ಟು ಝಕಾತ್ ಕೊಟ್ಟರೂ ಇನ್ನೊಬ್ಬರಿಂದ ಕಸಿದದ್ದು ನಮ್ಮದಾಗದು. ಲೆಕ್ಕದ ಪುಸ್ತಕ ತೆರೆಯುವಾಗ ಮೊದಲ ಪುಟದಲ್ಲಿ ಮರಳಿಸಬೇಕಾದದ್ದನ್ನು ಬರೆಯೋಣ. ಅಲ್ಲಾಹನು ನಮಗೆ ಆ ಧೈರ್ಯ ಕರುಣಿಸಲಿ. ಆಮೀನ್.